ಕಂಬ ನೋಡಿಕೊಂಡು ಕಟ್ಟಿದ ಮನೆ

ನೆಲದಡಿ ಹೋಗುವ ಗ್ಯಾಸ್ ಪೈಪಿನ ದಾರಿ ಕಾಯುವುದು ಅವನ ಕೆಲಸ. ಪೈಪು ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಮೇಲೆ ನೆಟ್ಟ ಹಳದಿ ಕಂಬಗಳು ಮಾತ್ರ. ಅವುಗಳ ಅಕ್ಕಪಕ್ಕ ಯಾರೂ ಕಟ್ಟಬಾರದು, ಅಗೆಯಬಾರದು. ದಿನವೂ ಆ ಸಾಲು ಹಿಡಿದು ನಡೆಯುತ್ತಿದ್ದ, ವರ್ಷಕ್ಕೊಮ್ಮೆ ಕಂಬಗಳಿಗೆ ಬಣ್ಣ ಬಳಿಯುತ್ತಿದ್ದ. ಮೊದಲು ಅಲ್ಲಿ ಬರೀ ಪೊದೆ, ನರಪಿಳ್ಳೆಯೂ ಇರಲಿಲ್ಲ. ಈಗ ಊರು ಮೈಮೇಲೆ ಬಂದಿತ್ತು. ಈ ಕಡೆ ಗ್ಯಾರೇಜು, ಆ ಕಡೆ ಯಾರದೋ ಬಚ್ಚಲು. ಎಬ್ಬಿಸಲು ಹೋದರೆ ಬೈಗುಳ. ನನಗೆ ಸಂಬಳ ಕೊಡುವುದೇ ಬೈಸಿಕೊಳ್ಳುವುದಕ್ಕೆ ಎಂದು ಅವನೇ ನಗುತ್ತಿದ್ದ.

ಅಂಥವನ ಅಕ್ಕನೂ ಅಲ್ಲೇ ಸೈಟು ಕೊಂಡಳು. ಕೊಳ್ಳುವ ಮೊದಲು ತಮ್ಮನನ್ನು ಕರೆದು ತೋರಿಸಿದಳು. ಅವನು ಕಂಬದಿಂದ ಹೆಜ್ಜೆ ಹಾಕಿ ಅಳೆದು, "ಧೈರ್ಯವಾಗಿ ಕಟ್ಟಕ್ಕಾ, ನಾನಿಲ್ವಾ?" ಎಂದ. ಭಾವ ಗಾರೆ ಕೆಲಸದವನು. ಊರವರ ಮನೆಯೆಲ್ಲ ಕಟ್ಟಿ ಸುಸ್ತಾದ ಕೈಯಲ್ಲೇ ರಜದ ದಿನ ತನ್ನ ಗೋಡೆ ಎಬ್ಬಿಸಿದ.

ಮೊನ್ನೆ ಆಫೀಸಿನವರು ಪೈಪು ಹುಡುಕುವ ಯಂತ್ರ ತರಿಸಿದರು. ಎಂಜಿನಿಯರಮ್ಮ ಅದನ್ನು ಹಿಡಿದು ಮುಂದೆ, ಅವನು ಬಣ್ಣದ ಡಬ್ಬಿ ಹಿಡಿದು ಹಿಂದೆ. ಯಂತ್ರ ಕೂಗಿದ ಕಡೆ ಗೆರೆ ಎಳೆಯಬೇಕು. ಅಕ್ಕನ ಮನೆ ಪಕ್ಕದ ಕಂಬದ ಬಳಿ ಅದು ತುಟಿಪಿಟಕ್ಕೆನ್ನಲಿಲ್ಲ. ಗೋಡೆಯ ಕಡೆ ತಿರುಗಿಸಿದರೆ ಕೂಗಿತು.

"ಮಿಷನ್ ಕೆಟ್ಟಿರ್ಬೇಕು ಮೇಡಂ." ಅವನು ಕಂಬದ ಕಡೆಗೇ ಕೈ ತೋರಿಸಿದ.

ಎಂಜಿನಿಯರಮ್ಮ ಕಂಬದ ಬುಡ ಕೆದಕಿಸಿದಳು. ಉಳಿದವಕ್ಕೆಲ್ಲ ಆಳದವರೆಗೆ ಕಾಂಕ್ರೀಟು. ಇದಕ್ಕೆ ಬರೀ ಮಣ್ಣು, ಮೇಲೆ ಒಂದಿಷ್ಟು ಸಿಮೆಂಟು. ಪೊದೆ ಬೆಳೆದಿದ್ದ ಕಾಲದಲ್ಲೇ ಯಾರೋ ಪುಣ್ಯಾತ್ಮ ಅದನ್ನು ಕಿತ್ತು ಆಚೆ ನೆಟ್ಟು, ಸೈಟು ಮಾರಿ ಕೈತೊಳೆದುಕೊಂಡಿದ್ದ. ಪೈಪು ಅಲ್ಲಿ ತಿರುಗುತ್ತಿದ್ದುದರಿಂದ ಸಾಲು ತಪ್ಪಿದ್ದು ಗೊತ್ತಾಗಿರಲಿಲ್ಲ. ಆ ಕಳ್ಳ ಕಂಬಕ್ಕೆ ಇವನು ವರ್ಷಾ ವರ್ಷಾ ಮುತುವರ್ಜಿಯಿಂದ ಬಣ್ಣ ಬಳಿದಿದ್ದ. ಕಂಬ ಕಾಯುತ್ತಾ ಕಾಯುತ್ತಾ ಪೈಪನ್ನೇ ಮರೆತಿದ್ದ.

"ಮನೆ ಒಳಗೂ ನೋಡ್ಬೇಕು. ನಿಮಗೆ ಗೊತ್ತಿರೋರಾ?"

"ನಮ್ಮಕ್ಕ."

ಎಂಜಿನಿಯರಮ್ಮ ಯಂತ್ರವನ್ನು ಬಾಗಿಲ ಕಡೆ ತಿರುಗಿಸಿದಳು. "ಬಿಡಕ್ಕಾಗಲ್ಲ ರೀ," ಎಂದಳು.

ಅಕ್ಕ ಅಡುಗೆಮನೆಯಲ್ಲಿದ್ದಳು. ತಮ್ಮನನ್ನು ಕಂಡು ಅವಳ ಮುಖ ಅರಳಿತು. ಯಂತ್ರ ಒಲೆಯ ಮುಂದೆ ಎಲ್ಲಕ್ಕಿಂತ ಜೋರಾಗಿ ಕೂಗಿತು.

"ಏನೋ ಇದು, ಹಿಂಗೆ ಬಡ್ಕೊಳ್ತಿದೆ?"

ಪೈಪು ಒಲೆಯಡಿಯೇ ಹೋಗಿದೆ ಎಂದು ಅವನು ಹೇಳಿದ. ಸುತ್ತಿಬಳಸಿ ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಅಂದ್ರೆ ಮನೆ ಒಡೀತಾರಾ?"

"ಹೂಂ ಅಕ್ಕ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಅದು ಅವನಿಗೆ ಅಭ್ಯಾಸ. ಅವಳು ಬೈಯಲಿಲ್ಲ. ಗೆರೆಗೆ ಅಡ್ಡವಿದ್ದ ನೀರಿನ ಕೊಡವನ್ನು ಪಕ್ಕಕ್ಕೆ ಸರಿಸಿಕೊಟ್ಟಳು. ಭಾವ ನುಣ್ಣಗೆ ತೀಡಿದ್ದ ನೆಲದ ಮೇಲೆ ಅವನು ಮಂಡಿಯೂರಿದ. ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ ಗೆರೆ ಎಳೆಯತೊಡಗಿದ.

"ಒಲೆ ಉರೀತಾ ಇದೆ," ಎಂದಳು ಅಕ್ಕ. "ಆರಿಸ್ಲಾ, ಬಿಡ್ಲಾ? ಇದನ್ನಾದ್ರೂ ಸರಿಯಾಗಿ ಹೇಳು."

ಅವನು ಬ್ರಷ್ಷು ಕೆಳಗಿಟ್ಟ. ಎಂಜಿನಿಯರಮ್ಮನ ಮುಖ ನೋಡಿದ.