ಅಡಿಗಡಿಗೂ ಅಡ್ಡಿ ಇಲ್ಲ

ಭಾವನಿಗೆ ಎಂಟು ಗಂಟಲು ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಅಕ್ಕನನ್ನು ಮದುವೆಯಾದ ವರ್ಷವೇ ಆತ ಮಾವನ ದನಿಯನ್ನು ಎಗರಿಸಿದ್ದ: ಅದೇ ಗೊಗ್ಗರು, ಮಾತಿಗೆ ಮುಂಚೆ ಅದೇ ಸಣ್ಣ ಕೆಮ್ಮು. ಅಪ್ಪ ತೀರಿಕೊಂಡ ಮೇಲೆ, ಅಮ್ಮ ಸಪ್ಪಗೆ ಕೂತಾಗಲೆಲ್ಲ ಬಾಗಿಲ ಮರೆಯಿಂದ ಕೆಮ್ಮಿ, "ಊಟ ಆಯ್ತೇನೇ?" ಎನ್ನುತ್ತಿದ್ದ. ಅಮ್ಮ ಅಳುತ್ತಲೇ ನಗುತ್ತಿದ್ದಳು. ಅಕ್ಕನ ತಂಗಿಗೂ ಆ ದನಿ ಬೇಕೇ ಬೇಕಿತ್ತು.

ತಂಗಿಯದು ಭಾರ ಹೊರಿಸುವ ಕೆಲಸ. ಕಂಪನಿಗೆ ಹಡಗಿನಲ್ಲಿ ಬರುವ ದೈತ್ಯ ಯಂತ್ರಗಳನ್ನು ಬಂದರಿನಿಂದ ಯಾರು ಸಾಗಿಸಬೇಕೆಂದು ಆರಿಸಿ ಸಹಿ ಹಾಕುವವಳು ಅವಳೇ. ಈ ಸಲದ್ದು ತೊಂಬತ್ತು ಟನ್ನಿನ ಟ್ರಾನ್ಸ್‌ಫಾರ್ಮರ್. ಟ್ರೇಲರ್ ಮೇಲೆ ಕೂತರೆ ನೆಲದಿಂದ ಹದಿನೇಳು ಅಡಿ. ನೇರ ದಾರಿಯಲ್ಲಿ ಒಂದು ರೈಲು ಸೇತುವೆ. ಅದರ ಮೇಲೆ ಹತ್ತು ನಿಮಿಷಕ್ಕೊಂದು ರೈಲು, ರೈಲಿನ ತುಂಬ ಜನ.

ಕೆಲಸಕ್ಕೆ ಇಬ್ಬರು ಮುಂದೆ ಬಂದರು. ಒಬ್ಬ, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಾಡುವ ಮುದುಕ. ಬಂದರಿನವರಿಗೆಲ್ಲ ಅಳತೆ ಮಾಮ.

"ಸೇತುವೆ ಕೆಳಗೆ ಡಾಂಬರಿನ ಮೇಲೆ ಡಾಂಬರು ಬಳಿದಿದ್ದಾರೆ ತಾಯಿ. ಬೋರ್ಡು ಹದಿನೆಂಟು ಅನ್ನುತ್ತೆ, ನನ್ನ ಟೇಪು ಹದಿನಾರೂವರೆ ಅನ್ನುತ್ತೆ. ಸುತ್ತಿ ಹೋಗ್ಬೇಕು. ಹನ್ನೆರಡು ದಿನ."

ಇನ್ನೊಬ್ಬ ಭಾವ. ಹೊಸ ಟ್ರೇಲರ್, ಮೊದಲ ದೊಡ್ಡ ಕೆಲಸ.

"ನೇರ ದಾರಿ, ನಾಲ್ಕೇ ದಿನ! ಭಾವ ಇರೋವಾಗ ನಾದಿನಿ ಸಾಹೇಬ್ರಿಗೆ ಯಾತರ ಅಭಾವ?"

"ಎತ್ತರ ಕೇಳಿದ್ರೆ ಉತ್ತರ ಕೊಡಿ ಭಾವ. ನೀವು ನಮ್ಮೋರು ಅಂತ ಮೇಲಿನವರಿಗೆ ಹೇಳಿಬಿಟ್ಟಿದ್ದೀನಿ. ಪುರಾವೆ ಇಲ್ದೆ ಆಗಲ್ಲ."

"ಅಷ್ಟೇನಾ? ಸೇತುವೆ ಆಫೀಸಿನ ಎಂಜಿನಿಯರ್ ನಂಬರ್ ಕೊಡ್ತೀನಿ, ನೀನೇ ಕೇಳ್ಕೋ."

ಯಾರ ಮಾತಿಗೆ ಪುರಾವೆ ಬೇಕಿತ್ತೋ ಅವರ ಕೈಯಿಂದಲೇ ನಂಬರು ಇಸಿದುಕೊಂಡಳು. ಆಗ ಅದು ತಪ್ಪು ಅನ್ನಿಸಲಿಲ್ಲ.

ಫೋನಿನಲ್ಲಿ ನೆಗಡಿ ಹಿಡಿದ ಮೂಗಿನ ದನಿ. "ಹದಿನೆಂಟು ಅಡಿ ಮೇಡಂ. ಹೋದ ವಾರ ಅಳೆದಿದ್ದೀವಿ. ಅಡಿಗಡಿಗೂ ಅಡ್ಡಿ ಇಲ್ಲ!" ಕೊನೆಗೊಂದು ಕಿಸಕ್ ನಗು. ಎಂಜಿನಿಯರಿಗೂ ಮಾತಿನ ಚಟ ಇದೆಯಲ್ಲ ಎಂದು ಅವಳೂ ನಕ್ಕಳು. ಆ ವಾಕ್ಯವನ್ನು ಹಾಗೇ ಫೈಲಿನಲ್ಲಿ ಬರೆದು, ಹಾಳೆಯ ಅಡಿಯಲ್ಲಿ ಸಹಿ ಹಾಕಿದಳು. ಅಳತೆ ಮಾಮನಿಗೆ ಬೇಡವೆಂದು ಹೇಳಿಯಾಯಿತು.

ಬಂದರಿನಲ್ಲಿ ಕ್ರೇನು ಟ್ರಾನ್ಸ್‌ಫಾರ್ಮರನ್ನು ಎತ್ತಿ ಹಿಡಿದಿತ್ತು. ಕೆಳಗೆ ಭಾವನ ಟ್ರೇಲರ್. ಡ್ರೈವರ್ ಕತ್ತೆತ್ತಿ ನೋಡಿ ಭಾವನನ್ನು ಕೇಳಿದ.

"ಸಾರ್, ಇದು ಸೇತುವೆ ಅಡಿ ನುಗ್ಗುತ್ತಾ?"

"ಹದಿನೆಂಟು ಅಡಿ ಕಣಯ್ಯಾ. ಅಡಿಗಡಿಗೂ ಅಡ್ಡಿ ಇಲ್ಲ!" ಕಿಸಕ್.

ಹಿಂದೆ ನಿಂತಿದ್ದ ಅವಳ ಕಿವಿಗೆ ಆ ನಗು ಬಿತ್ತು. ಫೋನು ತೆಗೆದು ಎಂಜಿನಿಯರ್ ನಂಬರು ಒತ್ತಿದಳು.

ಭಾವನ ಪ್ಯಾಂಟಿನ ಜೇಬಿನಲ್ಲಿ ಎರಡನೇ ಫೋನೊಂದು ರಿಂಗಾಗತೊಡಗಿತು.

ಭಾವ ತಿರುಗಿ ನೋಡಿದ. ಮೂಗು ಹಿಡಿದುಕೊಂಡು, "ಹಲೋ, ಸೇತುವೆ ಆಫೀಸು…" ಎಂದ. ಅವಳು ನಗಲಿಲ್ಲ.

"ಅಳೆದ್ರಾ ಭಾವ?"

"ಬೋರ್ಡಲ್ಲಿ ಹದಿನೆಂಟು ಅಂತಾನೇ ಇದೆ ಕಣಮ್ಮ. ಸೇತುವೆ ಅಡಿ ನಿಂತು ನೋಡಿದೆ."

"ಅಡಿ ನಿಂತ್ರಿ. ಅಡಿ ಅಳೀಲಿಲ್ಲ."

"ಟೈರಿನ ಗಾಳಿ ಇಳಿಸಿದ್ರೆ ನುಗ್ಗುತ್ತೆ ಬಿಡು. ಇದೊಂದು ಸಲ. ಈ ಕೆಲಸ ತಪ್ಪಿದ್ರೆ ಇನ್ಯಾರು ನನ್ನ ಕರೀತಾರೆ ಹೇಳು?"

ಅವಳು ಕ್ರೇನಿನವನ ಕಡೆ ಕೈ ಎತ್ತಿದಳು. ಆಗ ಬೆನ್ನ ಹಿಂದೆ ಸಣ್ಣದೊಂದು ಕೆಮ್ಮು.

"ಮಗಳೇ," ಎಂದಿತು ಅಪ್ಪನ ದನಿ, "ಒಂದ್ಸಲ ಬಿಟ್ಟುಬಿಡಮ್ಮ."

ಎತ್ತಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಅವಳು ತಿರುಗಲಿಲ್ಲ. ತಿರುಗಿದರೆ ಆ ದನಿಗೆ ಭಾವನ ಮುಖ ಅಂಟಿಕೊಳ್ಳುತ್ತಿತ್ತು. ಆಗಲೇ ಅಂಟಿಕೊಂಡೂ ಇತ್ತು.

"ಇಳಿಸಬೇಡಿ!" ಎಂದು ಕೂಗಿದಳು. "ವಾಪಸ್ ಯಾರ್ಡಿಗೆ ತಗೊಂಡು ಹೋಗಿ!"

ಆಮೇಲೆ ಅಳತೆ ಮಾಮನಿಗೆ ಫೋನು ಮಾಡಿದಳು. ಅತ್ತಲಿಂದ, "ಹೇಳಿ ತಾಯಿ," ಎಂದಿತು ಮುದಿ ದನಿ.

ಅವಳು ಕೇಳಿದಳು: "ಮಾಮ, ಮಾತಾಡ್ತಿರೋದು ನೀವೇನಾ?"