ಹಿಮ್ಮುಖ ಹರಿವು

"ಇತ್ತಾ, ಇರಲಿಲ್ವಾ? ಅಷ್ಟು ಹೇಳು ಸಾಕು."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸ್ಕ್ಯಾನ್ ವಿಭಾಗದ ಕಿಟಕಿಯಿಲ್ಲದ ಈ ಕೋಣೆಯಲ್ಲಿ ಇನ್ನೊಂದು ಕುರ್ಚಿಯಿತ್ತು. ಅಣ್ಣ ಅದರ ಮೇಲೆ ತನ್ನ ಕರಿ ಕೋಟು ಎಸೆದು ನಿಂತೇ ಇದ್ದ. ವಕೀಲ. ಊಟದ ಮನೆಯಲ್ಲೂ ವಾದ ಮಂಡಿಸುವ ಆಸಾಮಿ.

"ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ."

"ಹೋದ ವರ್ಷ ಸುಲಭವಾಗೇ ಹೇಳಿದ್ಯಲ್ಲ. ಏನೂ ಇಲ್ಲ, ಆರಾಮಾಗಿರು ಅಂತ."

ಹೇಳಿದ್ದು ನಿಜ. ಇಲ್ಲಿ ಅವನದು ಪ್ರೋಗ್ರಾಮು ಬರೆಯುವ ಕೆಲಸವಷ್ಟೇ; ಆದರೂ ತಲೆನೋವೆಂದು ಬಂದ ಅಣ್ಣನ ಮೆದುಳಿನ ಚಿತ್ರದ ಮೇಲೆ ಕಣ್ಣಾಡಿಸಿ, ಡಾಕ್ಟರಿಗಿಂತ ಮೊದಲೇ ಹೇಳಿಬಿಟ್ಟಿದ್ದ. ಈ ಸಲದ ಚಿತ್ರದಲ್ಲಿ ಬಲಗಿವಿಯ ಮೇಲ್ಗಡೆ ಗೋಲಿ ಗಾತ್ರದ ಗೆಡ್ಡೆ.

ಇಬ್ಬರದೂ ಮೊದಲಿಂದ ಎಣ್ಣೆ ಸೀಗೆಕಾಯಿ. ಗೆಡ್ಡೆ ಅಣ್ಣನ ತಲೆಯಲ್ಲಿದ್ದರೂ ಕಟಕಟೆಯಲ್ಲಿ ನಿಂತವನು ತಾನು ಎಂದು ಅವನ ಮೈ ಉರಿಯುತ್ತಿತ್ತು. ಹಾಗೆ ಉರಿದದ್ದಕ್ಕೆ ನಾಚಿಕೆಯೂ ಆಗಲಿಲ್ಲ.

"ನಿನ್ನ ಪ್ರೋಗ್ರಾಮಿನಲ್ಲಿ ಹಿಂದಕ್ಕೆ ಹೋಗಬಹುದಂತಲ್ಲ. ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಹಾಕು, ನೋಡೋಣ."

ಕೊಚ್ಚಿಕೊಂಡಿದ್ದೂ ನಿಜವೇ. ಹಳೆಯ ಚಿತ್ರ ಹೊಸ ಚಿತ್ರವಾಗುವುದನ್ನು ಅವನ ಪ್ರೋಗ್ರಾಮಿನೊಳಗಿನ ಅವಕಲ ಸಮೀಕರಣ ನೀರಿನ ಹಾಗೆ ಹರಿಸಿ ತೋರಿಸುತ್ತದೆ. ಪ್ರತಿ ಬಿಂದುವಿಗೂ ಒಂದು ವೇಗ, ಒಂದು ದಿಕ್ಕು. ಯಾವುದೂ ಕಿತ್ತುಹೋಗುವುದಿಲ್ಲ, ಎರಡು ಬಿಂದು ಬೆರೆತು ಒಂದಾಗುವುದಿಲ್ಲ. ಕಾಲವನ್ನು ತಿರುಗಿಸಿದರೆ ಎಲ್ಲವೂ ಬಂದ ದಾರಿಯಲ್ಲೇ ವಾಪಸು.

ಹೊಸದಾಗಿ ಯಾವ ಬಿಂದುವೂ ಹುಟ್ಟುವುದಿಲ್ಲ. ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಕೀ ಒತ್ತಿದ. ಗೆಡ್ಡೆ ಕುಗ್ಗತೊಡಗಿತು. ಗೋಲಿ, ಕಡಲೆ, ಸಾಸಿವೆ. ಹೋದ ವರ್ಷದ ತಾರೀಖಿಗೆ ಬಂದು ನಿಂತಾಗ ಒಂದು ಚುಕ್ಕೆ.

"ಅದೇನು?" ಅಣ್ಣನ ಬೆರಳು ಪರದೆಗೆ ತಾಕಿತು.

"ಲೆಕ್ಕ ಹಾಗೆ ತೋರಿಸತ್ತೆ. ಇವತ್ತು ಇರೋದಕ್ಕೆಲ್ಲ ಅವತ್ತೂ ಒಂದು ಜಾಗ ಇರಲೇಬೇಕು. ಅದು ನಾನೇ ಹಾಕಿದ ನಿಯಮ. ಗೆಡ್ಡೆ ಇರದೇ ಇದ್ರೂ ಚುಕ್ಕೆ ತೋರಿಸೇ ತೋರಿಸತ್ತೆ."

"ಅಂದ್ರೆ ಇರಲಿಲ್ಲ."

"ಹಾಗೂ ಹೇಳೋಕಾಗಲ್ಲ."

"ಥೂ ನಿನ್ನ! ಎಂಥೆಂಥ ಸಾಕ್ಷಿಗಳ ಬಾಯಿ ಬಿಡಿಸಿದೀನಿ, ನಿನ್ನಷ್ಟು ಜಾರಿಕೊಳ್ಳೋನ್ನ ನೋಡಿಲ್ಲ." ಅಣ್ಣನ ದನಿ ಒಡೆಯಿತು. "ಒಂದು ವರ್ಷ ಕಣೋ. ನಿನ್ನ ಮಾತು ನಂಬಿ ಮಾತ್ರೆ ನುಂಗ್ಕೊಂಡು ಓಡಾಡ್ತಿದ್ದೆ."

ಅವನು ಹೋದ ವರ್ಷದ ಅಸಲು ಚಿತ್ರವನ್ನು ಪಕ್ಕದಲ್ಲಿ ತೆರೆದ. ಚುಕ್ಕೆ ಇರಬೇಕಾದಲ್ಲಿ ಬೂದು ಬಣ್ಣ, ಸುತ್ತಲೂ ಅದೇ ಬೂದು. ಇದ್ದಿರಬಹುದು, ಇಲ್ಲದಿರಬಹುದು. ಅವತ್ತು ಆ ಜಾಗವನ್ನು ನೋಡಿದ್ದೆನೇ? ಇವನು ಬೇಗ ತೊಲಗಿದರೆ ಸಾಕೆಂದು ಬಾಗಿಲ ಕಡೆ ನೋಡುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಅಣ್ಣ ಕೊನೆಗೂ ಕೂತ, ಕೋಟಿನ ಮೇಲೆಯೇ.

"ಹೇಳೋ. ಬೈಯಲ್ಲ."

ಅವನು ಮತ್ತೆ ಕೀ ಒತ್ತಿ ಹಿಡಿದ. ತಾರೀಖು ಹೋದ ವರ್ಷವನ್ನು ದಾಟಿ, ಚಿತ್ರವೇ ತೆಗೆಸಿರದ ವರ್ಷಗಳಿಗೆ ನುಗ್ಗಿತು. ಸಮೀಕರಣಕ್ಕೇನು, ಹರಿಯುತ್ತಲೇ ಇತ್ತು. ಅಪ್ಪ ಬದುಕಿದ್ದ ವರ್ಷ. ಇಬ್ಬರೂ ಒಂದೇ ಹೊದಿಕೆಗಾಗಿ ಕಿತ್ತಾಡುತ್ತಿದ್ದ ವರ್ಷ. ಮೆದುಳು ಸೊಟ್ಟಗಾಗುತ್ತ, ಯಾರದೆಂದು ಗುರುತು ಸಿಗದಂತಾಯಿತು.

"ಸಾಕು, ನಿಲ್ಸೋ," ಅಂದ ಅಣ್ಣ.

ಚುಕ್ಕೆ ಸಣ್ಣದಾಗುತ್ತಿತ್ತು, ಇಲ್ಲವಾಗುತ್ತಿರಲಿಲ್ಲ. ಅವನು ಕೀಯಿಂದ ಬೆರಳು ತೆಗೆಯಲಿಲ್ಲ.