ಐದನೆಯ ದೀಪ

ಸೀತಾಲಕ್ಷ್ಮಿ ಕ್ಯಾರವಾನಿನ ಬಾಗಿಲಿನ ಹಿಡಿಯನ್ನು ಮುಟ್ಟಲು ಒಪ್ಪಲಿಲ್ಲ.

"ನೀನೇ ಮುಟ್ಟಿ ನೋಡಮ್ಮ. ನಿನ್ನೆ ಶಾಕ್ ಹೊಡೆದಿದ್ದಕ್ಕೆ ಮೊಣಕೈವರೆಗೂ ಇನ್ನೂ ಜುಮ್ ಅಂತಿದೆ."

ಸುಜಾತಾ ಶರ್ಟಿನ ಜೇಬಿನಿಂದ ಟೆಸ್ಟರ್ ತೆಗೆದು ಹಿಡಿಗೆ ತಾಗಿಸಿದಳು. ಹತ್ತಲಿಲ್ಲ. ಬಾಗಿಲಿನ ಅಂಚಿಗೆ, ಕಿಟಕಿಯ ಚೌಕಟ್ಟಿಗೆ, ಚಕ್ರದ ಮೇಲಿನ ತಗಡಿಗೆ ಇಟ್ಟು ನೋಡಿದಳು. ಎಲ್ಲೂ ಹತ್ತಲಿಲ್ಲ. ನಡುಮನೆಯ ತ್ರೀ ಪಿನ್ನಿನಿಂದ ಕಿಟಕಿಯ ಮೂಲಕ ವೈರು ಎಳೆದು ಅವಳೇ ಕರೆಂಟು ಕೊಟ್ಟಿದ್ದಳು. ಕ್ಯಾರವಾನಿನೊಳಗೆ ಐದು ದೀಪಗಳೂ ಉರಿಯುತ್ತಿದ್ದವು.

"ನೋಡ್ರಿ ಅಮ್ಮ, ಏನೂ ಇಲ್ಲ."

"ಹಾಗಾದ್ರೆ ನಿನ್ನೆ ನನ್ನ ಹೊಡೆದಿದ್ದು ದೆವ್ವಾನಾ?"

ಸುಜಾತಾ ಇನ್ನೊಮ್ಮೆ ಹಿಡಿಗೆ ತಾಗಿಸಿ ನೋಡಿದಳು. ಟೆಸ್ಟರನ್ನು ಜೇಬಿಗೆ ಹಾಕಿಕೊಂಡಳು.

ಅದು ಅರವತ್ತರ ದಶಕದಲ್ಲಿ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ವಿದೇಶಿ ಎಂಜಿನಿಯರುಗಳು ಬಿಟ್ಟುಹೋದ ಗಾಡಿ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಮಂಚ, ಒಲೆ, ಕಪಾಟು ಎಲ್ಲ ಒಳಗೇ ಇದ್ದವು. ಮೂವತ್ತು ವರ್ಷ ಶೆಡ್ಡಿನ ಹಿಂದೆ ಬಿದ್ದಿದ್ದ ಅದನ್ನು ಸೀತಾಲಕ್ಷ್ಮಿಯ ಗಂಡ, ಫೋರ್‌ಮನ್ ಅನಂತರಾಮು ನಿವೃತ್ತರಾದ ವರ್ಷ ಹರಾಜಿನಲ್ಲಿ ಕೊಂಡರು. ಕೆ.ಆರ್. ಪುರದ ಸ್ಟಾಫ್ ಕಾಲೊನಿಯ ಹುಡುಗರು ಅದಕ್ಕೆ ವಿಮಾನದ ಡಬ್ಬಿ ಎಂದು ಹೆಸರಿಟ್ಟಿದ್ದರು. ತಗಡಿನ ಕೆಲಸವನ್ನು ಅನಂತರಾಮು ತಾವೇ ಮಾಡಿದ್ದರು. ರಸ್ತೆಯಲ್ಲಿ ಬೇಕಾದ ಕೆಂಪು ದೀಪ, ಇಂಡಿಕೇಟರುಗಳನ್ನು ಬ್ಯಾಟರಿಯಿಂದ ಉರಿಸುವ ಕೆಲಸ ಶಿವಾಜಿನಗರದ ಚಾಂದ್ ಪಾಷಾನದು. ಒಳಗಿನ ಮನೆ ಕರೆಂಟು ಸುಜಾತಾಳದು.

ಆ ಕೆಲಸವನ್ನು ನೋಡಲು ಕಾಲೊನಿಯ ಜನ ಬಂದು ಹೋಗಿದ್ದರು. ಮರದ ಪಟ್ಟಿಯ ಮೇಲೆ ವೈರುಗಳು ಅಡಿಕೋಲು ಇಟ್ಟು ಗೆರೆ ಎಳೆದಂತೆ ಓಡುತ್ತಿದ್ದವು. ಹಿತ್ತಾಳೆಯ ಬುಡಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದ್ದಳು. ಒಡೆದುಹೋಗಿದ್ದ ಒಂದು ಹಾಲುಗಾಜಿನ ಬುರುಡೆಗೆ ಜೋಡಿ ಹುಡುಕುತ್ತಾ ಮೂರು ಭಾನುವಾರ ಗುಜರಿ ಅಂಗಡಿಗಳನ್ನು ಸುತ್ತಿದ್ದಳು. ಐದರಲ್ಲಿ ಹೊಸದು ಯಾವುದೆಂದು ಅನಂತರಾಮು ಅವರಿಗೂ ಗುರುತಿಸಲಾಗಿರಲಿಲ್ಲ.

"ನಲವತ್ತೆರಡು ಮನೆ ಇದೆ ಕಾಲೊನೀಲಿ. ಎಲ್ಲಾ ಹಳೇ ವೈರಿಂಗು, ಬದಲಾಯಿಸ್ಬೇಕು. ಬರೋ ಭಾನುವಾರದ ಮೀಟಿಂಗಲ್ಲಿ ನಿನ್ನ ಹೆಸರು ಹೇಳ್ತೀನಿ," ಎಂದು ಅವರು ಹೋದ ವಾರವೇ ಮಾತು ಕೊಟ್ಟಿದ್ದರು. ಕಾಲೊನಿಯ ಅಸೋಸಿಯೇಷನ್ನಿಗೆ ಅವರೇ ಕಾರ್ಯದರ್ಶಿ. ಟಿನ್ ಫ್ಯಾಕ್ಟರಿ ಹಿಂದಿನ ಬಾಡಿಗೆ ಕೋಣೆಯಲ್ಲಿ ಆ ಮಾತು ಕೇಳಿದ ಸುಜಾತಾಳ ತಾಯಿ ಸುಭದ್ರಮ್ಮ ತಮ್ಮೂರು ಸೇಡಂನ ಬಳಗಕ್ಕೆಲ್ಲ ಫೋನ್ ಮಾಡಿಸಿದ್ದಳು. ಐಟಿಐ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿಯಾಗಿ ಕೂತು ಕಲಿತು ಆರು ವರ್ಷವಾದ ಮೇಲೂ ಸುಜಾತಾಳಿಗೆ ಸಿಗುತ್ತಿದ್ದದ್ದು ಫ್ಯಾನು ಕಟ್ಟುವ, ಸ್ವಿಚ್ಚು ಬದಲಿಸುವ ಕೆಲಸ. ಒಂದು ಇಡೀ ಕಾಲೊನಿ ಎಂದರೆ ಬೇರೆಯೇ ಮಾತು.

ನಿನ್ನೆ ಶುಕ್ರವಾರ. ಗಾಡಿ ಎಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ಸಾಕು ಎಂದು ಅನಂತರಾಮು ಅಂದರೆ, ಮಲಗುವ ಜಾಗ, ಒಲೆ ಇರುವ ಜಾಗ, ಹಾಲು ಉಕ್ಕಿಸದೆ ಹೇಗೆ ಎಂದು ಸೀತಾಲಕ್ಷ್ಮಿ ಹಟ ಹಿಡಿದರು. ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟರು. ಎಡಗೈಯಲ್ಲಿ ಹಾಲಿನ ಪಾತ್ರೆ ಹಿಡಿದು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಬಲಗೈಯಿಂದ ಬಾಗಿಲು ತೆಗೆಯಹೋದರು. ಹಾಲು ರಂಗೋಲಿಯ ಮೇಲೆ ಚೆಲ್ಲಿತು. ಕರೆದ ಜನರೆಲ್ಲ ನೋಡಿದರು.

"ನಿನ್ನ ಕೆಲಸದಲ್ಲಿ ತಪ್ಪಿಲ್ಲ ಬಿಡಮ್ಮ. ಅದು ಆ ಗಾಡಿ ವೈರಿಂಗ್‌ನವನದು. ಬರೋಕೆ ಹೇಳಿದ್ದೀನಿ," ಎಂದರು ಅನಂತರಾಮು.

ಪಕ್ಕದ ಮನೆಯ ಬೈಲಪ್ಪ ಕಾಂಪೌಂಡಿನ ಆಚೆ ಪೇಪರು ಹಿಡಿದು ನಿಂತಿದ್ದರು. ಅವರು ಅಸೋಸಿಯೇಷನ್ನಿನ ಖಜಾಂಚಿ. "ಯಾರದ್ದಾದ್ರೂ ಇರಲಿ, ಅನಂತು. ಹೆಣ್ಣುಹುಡುಗಿ ಕೈಗೆ ಕರೆಂಟ್ ಕೊಟ್ರೆ ಹೀಗೇ ಅಂತ ನಾನು ಮೊದ್ಲೇ ಹೇಳಿದ್ನೋ ಇಲ್ವೋ?"

"ಪೂರ್ತಿ ನೋಡಿ ಆಮೇಲೆ ಮಾತಾಡಿ ಸಾರ್," ಎಂದು ಅನಂತರಾಮು ಅವರ ಬಾಯಿ ಮುಚ್ಚಿಸಿದರು.

ಚಾಂದ್ ಪಾಷಾನ ಲೂನಾ ಗೇಟಿನ ಬಳಿ ಎರಡು ಸಲ ಕೆಮ್ಮಿ ನಿಂತಿತು. ಅರವತ್ತರ ಮನುಷ್ಯ. ತಲೆಗೆ ಬಿಳಿ ಟೋಪಿ, ಉಗುರಿನ ಸಂದಿಯಲ್ಲಿ ಗ್ರೀಸು. ಸ್ಟ್ಯಾಂಡು ಹಾಕುವ ಮೊದಲೇ ಅನಂತರಾಮು ಶುರು ಮಾಡಿದರು.

"ಬಾರಪ್ಪಾ. ನನ್ನ ಹೆಂಡತೀನ ಸಾಯಿಸ್ತಿದ್ದೆ ನೀನು."

"ಅರೆ, ನಂದು ಹನ್ನೆರಡು ವೋಲ್ಟ್ ಸಾಬ್! ಹನ್ನೆರಡು ವೋಲ್ಟು ಇರುವೇಗೂ ಹೊಡೆಯಲ್ಲ. ಬ್ಯಾಟ್ರೀನೂ ಚಾರ್ಜಿಗೆ ಒಯ್ದಿದ್ದೀನಿ, ಅಂಗಡೀಲಿದೆ."

"ಗಾಡಿ ಬಾಡೀಗೆ ಅರ್ತ್ ಕೊಟ್ಟವನು ಯಾರು? ಇಡೀ ತಗಡಿಗೆ ನಿನ್ನ ವೈರು ಸೇರಿದೆ. ನಾನೇ ನೋಡಿದ್ದೀನಿ."

"ಎಲ್ಲಾ ಗಾಡಿನೂ ಹಂಗೇ ಸಾಬ್. ಲಾರಿ, ಬಸ್ಸು, ನಿಮ್ಮ ಜೀಪು. ನಾವು ಒಂದೇ ವೈರು ಎಳೆಯೋದು. ಎರಡನೇ ವೈರು ಅಂದ್ರೆ ಬಾಡಿನೇ. ಈ ಡಬ್ಬಾ ಮಾಡಿದ ಫಾರಿನ್ ಗೋರಾಗಳೂ ಹಂಗೇ ಮಾಡಿದ್ದು."

ಸುಜಾತಾ ಮೆಟ್ಟಿಲ ಮೇಲೆ ಕೂತಿದ್ದವಳು ತಲೆ ಎತ್ತಿದಳು.

ಹಳೆಯ ದೀಪಗಳನ್ನು ಬಿಚ್ಚಿದಾಗ ನಾಲ್ಕರಲ್ಲಿ ಒಂದೊಂದೇ ವೈರು ಇತ್ತು. ಅವಕ್ಕೆ ಹೊಸದಾಗಿ ಎರಡೆರಡು ಎಳೆದಿದ್ದಳು. ಮಂಚದ ಮೇಲಿನ ಐದನೆಯದರಲ್ಲಿ ಮಾತ್ರ ಎರಡು ಇದ್ದವು. ಬಟ್ಟೆ ಸುತ್ತಿದ ವೈರು, ಪ್ಲೈವುಡ್ಡಿನ ಹಿಂದೆ ಒಂದು ಬಳುಕೂ ಇಲ್ಲದೆ ಎಳೆದದ್ದು. ಅಷ್ಟು ಅಂದದ ಕೆಲಸವನ್ನು ಕಿತ್ತುಹಾಕಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಅಮ್ಮ, ನಿನ್ನೆ ಎಲ್ಲಾ ದೀಪ ಹತ್ತಿದ್ದವೇನ್ರಿ?"

"ಮಂಚದ ಮೇಲಿಂದು ಹತ್ತಲಿಲ್ಲ. ಬಲ್ಬು ಹೋಗಿರತ್ತೆ ಅಂದ್ರು ಇವರು."

ಈಗ ಅದು ಉರಿಯುತ್ತಿತ್ತು. ಬಲ್ಬು ಅದೇ.

"ಕರೆಂಟು ಎಲ್ಲಿಂದ ಕೊಟ್ಟಿದ್ರಿ ಸರ್?"

"ವರಾಂಡದಿಂದ. ಮಿಕ್ಸಿಯ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ."

ಆ ಬೋರ್ಡನ್ನು ತರಿಸಿದಳು. ಒಂದು ಕಡೆ ಮೂರು ತೂತು, ಇನ್ನೊಂದು ಕಡೆ ಎರಡೇ ಪಿನ್ನು. ಅರ್ತಿಗೆ ದಾರಿಯಿಲ್ಲ. ಅದನ್ನೇ ವರಾಂಡದ ಸಾಕೆಟ್ಟಿಗೆ ಹಾಕಿಸಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಟೆಸ್ಟರನ್ನು ಬಾಗಿಲಿನ ಹಿಡಿಗೆ ಇಟ್ಟಳು. ಹತ್ತಿತು.

"ನೋಡಿದ್ರಾ ಬೈಲಪ್ಪನೋರೆ? ನಾನು ಹೇಳಲಿಲ್ವಾ, ಬಾಡಿ ಅರ್ತು!" ಅನಂತರಾಮು ಗೆದ್ದವರಂತೆ ಕೂಗಿದರು.

ಸುಜಾತಾ ಒಳಗೆ ಹೋದಳು. ನಾಲ್ಕು ದೀಪ ಉರಿಯುತ್ತಿದ್ದವು, ಐದನೆಯದು ಸತ್ತಿತ್ತು. ಟೆಸ್ಟರನ್ನು ಕಿಟಕಿಯ ಚೌಕಟ್ಟಿಗೆ ಒತ್ತಿಹಿಡಿದು ಐದನೆಯ ಸ್ವಿಚ್ಚನ್ನು ಆರಿಸಿದಳು. ಟೆಸ್ಟರಿನ ಬೆಳಕೂ ಆರಿತು. ಹಾಕಿದಳು, ಹತ್ತಿತು. ಇನ್ನೊಮ್ಮೆ ಆರಿಸಿ ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದಳು.

ದೀಪದಿಂದ ಹೊರಟ ಕರೆಂಟು ಆ ಹಳೆಯ ವೈರಿನಲ್ಲಿ ತಗಡಿಗೆ ಹೋಗುತ್ತಿತ್ತು. ತ್ರೀ ಪಿನ್ ಇದ್ದಾಗ ಅವಳು ತಗಡಿಗೆ ಕೊಟ್ಟಿದ್ದ ಅರ್ತಿನ ಮೂಲಕ ಭೂಮಿಗೆ ಇಳಿದು ದೀಪ ಉರಿಯುತ್ತಿತ್ತು. ಅವಳು ಪರೀಕ್ಷೆ ಮಾಡಿದ್ದು ಹಾಗೆ, ಕೆಲಸ ಒಪ್ಪಿಸಿದ್ದೂ ಹಾಗೆ. ಟೂ ಪಿನ್ ಹಾಕಿದಾಗ ಇಳಿಯಲು ಜಾಗವಿಲ್ಲದೆ ಇಡೀ ತಗಡಿನಲ್ಲಿ ನಿಂತಿತ್ತು, ಯಾರಾದರೂ ಮುಟ್ಟುವವರೆಗೆ.

ಬೋರ್ಡಿನ ಪಿನ್ನು ಕೀಳಲು ಹೇಳಿ, ಬುರುಡೆ ಕಳಚಿ, ಹಿತ್ತಾಳೆಯ ಬುಡ ಬಿಚ್ಚಿದಳು. ಬಟ್ಟೆಯ ವೈರಿನ ತುದಿಗೆ ಕಪ್ಪು ಟೇಪು. ಕೊನೆಯನ್ನು ಒಳಕ್ಕೆ ಮಡಿಸಿ ಸುತ್ತಿದ್ದು. ಆ ಕಾಲೊನಿಯಲ್ಲಿ ಹಾಗೆ ಸುತ್ತುವವಳು ಅವಳೊಬ್ಬಳೇ.

ಚಾಂದ್ ಪಾಷಾ ಬಾಗಿಲಲ್ಲಿ ತಲೆ ಹಾಕಿದ. ಅವನ ದನಿ ತಗ್ಗಿತ್ತು.

"ಬೇಟಿ, ನಂದೇ ಇರಬಹುದಾ? ಮನೆ ಕರೆಂಟು ನಂಗೆ ಅಷ್ಟು ಗೊತ್ತಿಲ್ಲ. ಮೂವತ್ತೈದು ವರ್ಷ ಆಯ್ತು, ಒಬ್ಬರಿಗೂ ಹಿಂಗಾಗಿಲ್ಲ. ನಂದಾದ್ರೆ ಹೇಳಿಬಿಡು, ಬಾಡಿಯಿಂದ ಎಲ್ಲಾ ಕಿತ್ತು ಹಾಕ್ತೀನಿ."

ಚೀಲದಲ್ಲಿ ಎರಡು ಮೀಟರು ವೈರು ಇತ್ತು. ಟೇಪು ಬಿಚ್ಚಿ ಹೊಸದನ್ನು ಸೇರಿಸಲು ಹತ್ತು ನಿಮಿಷ ಸಾಕು. ಆಮೇಲೆ ಯಾರು ಎಷ್ಟು ಸಲ ನೋಡಿದರೂ ಟೆಸ್ಟರು ಹತ್ತುವುದಿಲ್ಲ. ಟೂ ಪಿನ್ ಹಾಕಿದ್ದೇ ತಪ್ಪು ಎಂದರೂ ನಡೆಯುತ್ತಿತ್ತು. ಏನೂ ಹೇಳದಿದ್ದರೂ ನಡೆಯುತ್ತಿತ್ತು. ಹೊರಗೆ ಅನಂತರಾಮು ಅವಳ ಪರವಾಗಿ ಎಲ್ಲವನ್ನೂ ಹೇಳುತ್ತಲೇ ಇದ್ದರು. ಬೈಲಪ್ಪ ಗೇಟು ದಾಟಿ ಒಳಗೆ ಬಂದಿದ್ದರು. ರಸ್ತೆಯಲ್ಲಿ ಇನ್ನೂ ಮೂರು ನಾಲ್ಕು ಜನ ನಿಂತಿದ್ದರು.

ಸುಜಾತಾ ಬಾಗಿಲಿಗೆ ಬಂದು ನಿಂತಳು.

"ಸರ್, ಸ್ವಲ್ಪ ಒಳಗ ಬರ್ರಿ. ನೀವೂ ಬರ್ರಿ, ಬೈಲಪ್ಪನವರ."

ಇಬ್ಬರೂ ತಲೆ ಬಗ್ಗಿಸಿ ಒಳಗೆ ಬಂದರು.

"ಈ ವೈರು ನೋಡ್ರಿ. ಇದು ತಗಡಿಗೆ ಹೋಗ್ತದ. ನಾ ನ್ಯೂಟ್ರಲ್ ಅಂತ ತಿಳಿದು ದೀಪಕ್ಕ ಸೇರಿಸೀನಿ. ಎಲ್ಲಿಗೆ ಹೋಗ್ತದ ಅಂತ ತುದಿತನಕ ನೋಡಲಿಲ್ಲ. ಚಾಚಾಂದು ಏನೂ ಇಲ್ಲ. ಅಮ್ಮಗ ಹೊಡದದ್ದು ನನ್ನ ಕೆಲಸ."

ಊರಿನ ಮಾತು ನಾಲಗೆಗೆ ಬಂದಿತ್ತು. ತಿದ್ದಿಕೊಳ್ಳಲು ಹೋಗಲಿಲ್ಲ.

ಅನಂತರಾಮು ಆ ಟೇಪನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಂಗೊಬ್ಬನಿಗೆ ಹೇಳಿದ್ರೆ ಆಗ್ತಿತ್ತಲ್ಲಮ್ಮ."

"ನೀವು ಚಾಚಾಗ ಎಲ್ಲರ ಮುಂದ ಅಂದೀರಿ ಸರ್."

"ನಾನು ಹೇಳಿದ್ನೋ ಇಲ್ವೋ?" ಎಂದರು ಬೈಲಪ್ಪ. ಪೇಪರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದರು. ರಸ್ತೆಯಲ್ಲಿದ್ದವರಿಗೆ ಅವರು ಏನೋ ಹೇಳಿದ್ದು, ಒಬ್ಬ ನಕ್ಕದ್ದು ಕೇಳಿಸಿತು.

"ನಾಳೆ ನಿನ್ನ ಹೆಸರು ಎತ್ತೋಕಾಗಲ್ಲ ಸುಜಾತಾ. ಎತ್ತಿದ್ರೂ ಯಾರೂ ಒಪ್ಪಲ್ಲ," ಎಂದರು ಅನಂತರಾಮು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಗೊತ್ತದ ಸರ್."

ಅವರು ಹೊರಗೆ ಹೋಗುವಾಗ ಚಾಂದ್ ಪಾಷಾನ ಎದುರು ಒಂದು ಗಳಿಗೆ ನಿಂತರು. ಹೆಂಡತಿಯ ಕಡೆ ತಿರುಗಿ, "ಅವರಿಗೆ ಕಾಫಿ ಕೊಡೇ," ಎಂದರು.

ಸುಜಾತಾ ಬಟ್ಟೆಯ ವೈರನ್ನು ಕತ್ತರಿಸಲಿಲ್ಲ. ಅದರ ದಾರಿ ಹಿಡಿದು ಪ್ಲೈವುಡ್ಡನ್ನು ಒಂದೊಂದೇ ತಿರುಪು ಬಿಚ್ಚುತ್ತಾ ಕೊನೆಯವರೆಗೆ ಹೋದಳು. ಮಂಚದ ಬುಡದಲ್ಲಿ, ಚೌಕಟ್ಟಿನ ಒಂದು ತಿರುಪಿಗೆ ಅದು ಸುತ್ತಿಕೊಂಡಿತ್ತು. ಅಲ್ಲಿಂದ ಬಿಡಿಸಿ, ಸ್ವಿಚ್‌ಬೋರ್ಡಿನಿಂದ ದೀಪದವರೆಗೆ ಎರಡು ಹೊಸ ವೈರು ಎಳೆದಳು. ಬಳುಕಿಲ್ಲದೆ. ಒಂದು ಕ್ಲಿಪ್ಪು ಅರ್ಧ ಬೆರಳು ವಾರೆಯಾಗಿದ್ದಕ್ಕೆ ಕಿತ್ತು ಮತ್ತೆ ಹೊಡೆದಳು. ಉಳಿದ ನಾಲ್ಕನ್ನೂ ಬಿಚ್ಚಿ ತುದಿಯಿಂದ ತುದಿಗೆ ನೋಡಿದಳು. ಮಧ್ಯಾಹ್ನ ಕಳೆಯಿತು. ಚಾಂದ್ ಪಾಷಾ ಹೋಗದೆ ಟಾರ್ಚು ಹಿಡಿದಿದ್ದ.

"ಹುಚ್ಚಿ ನೀನು. ನನ್ನ ಮೇಲೆ ಹಾಕಿದ್ರೆ ಏನಾಗ್ತಿತ್ತು? ಬೈಗುಳ ನಂಗೇನು ಹೊಸದಾ? ಮನೇಲಿ ನನ್ನ ಬೀಬಿ ಫಹ್ಮಿದಾ ದಿನಾ ಕೊಡ್ತಾಳೆ."

"ಟಾರ್ಚು ಈ ಕಡೆ ಹಿಡೀರಿ ಚಾಚಾ."

ಟೂ ಪಿನ್ನನ್ನು ಹೀಗೊಮ್ಮೆ, ತಿರುಗಿಸಿ ಹಾಗೊಮ್ಮೆ ಹಾಕಿ ನೋಡಿದರು. ಐದೂ ದೀಪ ಉರಿದವು. ಟೆಸ್ಟರು ಹತ್ತಲಿಲ್ಲ. ಆಮೇಲೆ ಸುಜಾತಾ ಕೆಳಗಿಳಿದು ಚಪ್ಪಲಿ ಕಳಚಿ, ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು ಅದರ ಮೇಲೆ ನಿಂತು, ಎರಡೂ ಅಂಗೈಗಳನ್ನು ತಗಡಿಗೆ ಒತ್ತಿದಳು. ಸೀತಾಲಕ್ಷ್ಮಿ ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ತಗಡು ಬಿಸಿಲಿಗೆ ಕಾದಿತ್ತು, ಅಷ್ಟೆ.

ಐದನೆಯ ದೀಪದ ಬುಡ ಕೂರಿಸುವ ಮೊದಲು ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಬುಡ ಮುಚ್ಚುವಷ್ಟು ಜಾಗದಲ್ಲಿ ಪ್ಲೈವುಡ್ಡಿನ ಮೇಲೆ ಸಣ್ಣಗೆ ಬರೆದಳು.

"ಏನದು?" ಎಂದ ಚಾಂದ್ ಪಾಷಾ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಹೊಸ ವೈರು ಎರಡು. ಹಳೇದು ತಗಡಿಗೆ ಹೋಗುತ್ತದೆ, ಸೇರಿಸಬೇಡಿ."

"ಕೆಳಗೆ?"

"ತಾರೀಖು. ನನ್ನ ಹೆಸರು."

ಹೆಸರಿನ ಮುಂದೆ ಇನ್ನೊಂದು ಶಬ್ದ ಬಾಕಿಯಿತ್ತು. ತನ್ನ ವೈರಿಂಗ್ ಪರ್ಮಿಟ್ಟಿನಲ್ಲಿ ಸರ್ಕಾರ ಹೇಗೆ ಬರೆದಿತ್ತೋ ಹಾಗೆಯೇ 'ವೈರ್‌ಮನ್' ಎಂದು ಬರೆಯಹೋದಾಗ ಪೆನ್ಸಿಲಿನ ಮೊನೆ ಮುರಿಯಿತು. ಅವಳು ಮಂಚದ ಅಂಚಿನಲ್ಲಿ ಕೂತು, ವೈರು ಸುಲಿಯುವ ಚಾಕುವಿನಿಂದ ಅದನ್ನು ನಿಧಾನವಾಗಿ ಹೆರೆದಳು.